ಬೆಂಗಳೂರಿನ ಕೆಲಸ ಬಿಟ್ಟು ಹಾಸನದ ಕಡೆ ಮೂರು ಎಕರೆ ತೋಟ ತಗೊಂಡು ಇರಬಹುದಾ?

ನಿಮಗೆ 36 ವರ್ಷ, ಸಾಫ್ಟ್‌ವೇರ್ ಕೆಲಸ ಸಾಕಾಗಿದೆ, ಅರಸೀಕೆರೆ ಕಡೆ ಮೂರು ಎಕರೆ ತೆಂಗಿನ ತೋಟ ನೋಡಿದ್ದೀರಿ, ಅದರಲ್ಲಿ ತಿಂಗಳ ಖರ್ಚು ನಡೆಯುತ್ತದಾ ಅಂತ ಕೇಳಿದ್ದೀರಿ. ನಾನು ಅದೇ ತಾಲೂಕಿನವಳು, ಸೊಸೆಯಾಗಿ ಬಂದವಳು. ಬೆಂಗಳೂರಿನ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ಸಂಬಳ ಬಟವಾಡೆ ಮಾಡುವ ವಿಭಾಗದಲ್ಲಿದ್ದೆ. 2017ರಲ್ಲಿ ನಾನೂ ನಮ್ಮೆಜಮಾನರೂ ಕೆಲಸ ಬಿಟ್ಟು ಊರಿಗೆ ಬಂದೆವು. ಮಾವನವರ ನಾಲ್ಕು ಎಕರೆ ತೋಟ ಇತ್ತು, ಮನೆಯೂ ಇತ್ತು. ಅಷ್ಟಿದ್ದೂ ಕಷ್ಟಪಟ್ಟೆವು. ಅದಕ್ಕೇ ಬರೆಯುತ್ತಿದ್ದೇನೆ.

ತೆಂಗಿನ ತೋಟದಲ್ಲಿ ತಿಂಗಳು ಅನ್ನುವ ಲೆಕ್ಕವೇ ಇಲ್ಲ. ಎಳನೀರಿಗೋ ಹಸಿ ಕಾಯಿಗೋ ಕೊಟ್ಟರೆ ಕೈಗೆ ಆಗಾಗ ಕಾಸು ಬರುತ್ತದೆ. ಆದರೆ ನಮ್ಮ ಭಾಗದಲ್ಲಿ ಹೆಚ್ಚಿನವರು ಮಾಡುವುದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ನಾನು ಬಂದ ಮೊದಲ ವರ್ಷ ಆರು ತಿಂಗಳಿಗೇ ಏಣಿ ಹತ್ತಿ ಒಂದು ಕಾಯಿ ತಂದು ಅತ್ತೆಯ ಕೈಗೆ ಕೊಟ್ಟೆ. ಅವರು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು. ‘ಇನ್ನೂ ನೀರೈತೆ ಕಣಮ್ಮ, ಇಟ್ಬಿಡು’ ಅಂದರು. ನೀರಿದ್ದರೆ ಲೊಳಕ್ ಅನ್ನುತ್ತದೆ, ಒಣಗಿದ್ದರೆ ಉಂಡೆ ಒಳಗೇ ಹೊರಳಿ ಗಲಗಲ ಅನ್ನುತ್ತದೆ. ಆ ವ್ಯತ್ಯಾಸ ನನ್ನ ಕಿವಿಗೆ ಸಿಗಲು ಎರಡು ವರ್ಷ ಹಿಡಿಯಿತು. ನೂರಾರು ಜನಕ್ಕೆ ತಿಂಗಳ ಕೊನೆಯ ದಿನ ತಪ್ಪದೆ ಸಂಬಳ ಹಾಕಿಸುತ್ತಿದ್ದವಳು ನಾನು. ಇಲ್ಲಿ ನಮ್ಮದೇ ದುಡ್ಡು ಅಟ್ಟದ ಮೇಲೆ ಕೂತಿರುತ್ತಿತ್ತು, ಮುಟ್ಟುವ ಹಾಗಿರಲಿಲ್ಲ.

ಒಣಗಿದ ಮೇಲೂ ಬೆಲೆ ನಮ್ಮ ಕೈಯಲ್ಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು, ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 8,000ದ ಆಸುಪಾಸಿಗೆ ಬಿದ್ದಿತ್ತು. ಹಿಂದಿನ ಬೇಸಿಗೆಯಲ್ಲಿ ಬೋರ್ ಕೊರೆಸಿದ ಸಾಲದ ಕಂತು, ಮಗಳ ಶಾಲೆಯ ಫೀಸು ಎರಡೂ ಒಟ್ಟಿಗೆ ಬಂದವು. ಬೆಂಬಲ ಬೆಲೆಗೆ ಕೊಳ್ಳುವ ಸರ್ಕಾರಿ ಖರೀದಿ ಕೇಂದ್ರಕ್ಕೆ ಕಾಯಲು ಆಗದೆ ಬಿದ್ದ ಬೆಲೆಗೇ ಕೊಟ್ಟೆವು. ಅದೇ ಕೊಬ್ಬರಿ 2025ರಲ್ಲಿ 20,000 ದಾಟಿತು. ಕಾಯುವ ಶಕ್ತಿ ಇದ್ದವರಿಗೆ ತೋಟ ಕೈ ಹಿಡಿಯುತ್ತದೆ, ಇಲ್ಲದವರ ಕೈ ಬಿಡುತ್ತದೆ. ಹಾಗಾಗಿ ನಿಮ್ಮ ಉಳಿತಾಯವನ್ನೆಲ್ಲ ಜಮೀನಿಗೆ ಸುರಿಯಬೇಡಿ. ಎರಡು ವರ್ಷ ಒಂದು ರೂಪಾಯಿ ಬರದಿದ್ದರೂ ಮನೆ ನಡೆಯುವಷ್ಟು ಪಕ್ಕಕ್ಕಿಟ್ಟು, ಉಳಿದದ್ದರಲ್ಲಿ ಎಷ್ಟು ಬರುತ್ತದೋ ಅಷ್ಟೇ ಜಮೀನು ನೋಡಿ. ಒಂದೂವರೆ ಎಕರೆ ಆದರೂ ಚಿಂತೆಯಿಲ್ಲ.

ನಮ್ಮನ್ನು ಉಳಿಸಿದ್ದು ಎರಡು ಹಸು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೇರಿಗೆ ಹೋಗಿ ನಿಲ್ಲಬೇಕು, ಫ್ಯಾಟು ಎಷ್ಟು ಬಂತು ನೋಡಬೇಕು. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ತಡವಾಗಿಯಾದರೂ ಬರುತ್ತದೆ. ದಿನಸಿ, ಕರೆಂಟು, ಔಷಧಿ ಎಲ್ಲ ಅದರಲ್ಲೇ. ಆದರೆ ಹಸು ಕಟ್ಟಿದ ಮೇಲೆ ತವರಿನ ಮದುವೆಗೂ ರಾತ್ರಿ ಉಳಿಯುವ ಹಾಗಿಲ್ಲ. ‘ಸರಳ ಜೀವನ’ ಅಂತ ಬರೆದಿದ್ದೀರಲ್ಲ, ಕರು ಹಾಕುವ ಹಸುವಿನ ಪಕ್ಕ ರಾತ್ರಿ ಎರಡು ಗಂಟೆಗೆ ಕೂತಾಗ ನನಗೆ ಆ ಪದ ನೆನಪಾಗುವುದಿಲ್ಲ. ಆದರೂ ನನಗೆ ಈ ಬದುಕು ಇಷ್ಟ, ಬಿಟ್ಟು ಹೋಗುವ ಮನಸ್ಸಿಲ್ಲ.

ಹಾಸನ ಅಂದ ಕೂಡಲೇ ಮಳೆ ಅಂದುಕೊಳ್ಳಬೇಡಿ. ಸಕಲೇಶಪುರಕ್ಕೆ ಸುರಿಯುವ ಮಳೆ ಅರಸೀಕೆರೆಗೆ ಬರುವುದಿಲ್ಲ, ನಮ್ಮದು ಬಯಲುಸೀಮೆ. ತೋಟವನ್ನು ಶ್ರಾವಣದಲ್ಲಿ ನೋಡಿ ಮೆಚ್ಚಬೇಡಿ, ಏಪ್ರಿಲ್‌ನಲ್ಲಿ ಬನ್ನಿ. ಬೋರಿನಲ್ಲಿ ಎಷ್ಟು ಇಂಚು ನೀರಿದೆ, ಎಷ್ಟು ಹೊತ್ತು ಓಡಿದರೆ ನಿಲ್ಲುತ್ತದೆ, ತ್ರೀ ಫೇಸ್ ಹಗಲು ಕೊಡುತ್ತಾರೋ ರಾತ್ರಿಯೋ, ಇದನ್ನೆಲ್ಲ ಮಾರುವವರನ್ನಲ್ಲ, ಪಕ್ಕದ ತೋಟದವರನ್ನು ಕೇಳಿ. ಗರಿ ಒಣಗಿ ಸುಟ್ಟ ಹಾಗೆ ಕಂಡರೆ ಕಪ್ಪುತಲೆ ಹುಳು ಇರಬಹುದು, ಗರಿಯ ಅಡಿಭಾಗ ತಿರುಗಿಸಿ ನೋಡಿ.

ಕಾಗದಪತ್ರದ ವಿಷಯ. ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿದೆ, ಆ ತೊಡಕು ಈಗಿಲ್ಲ. ಆದರೆ ಪಹಣಿಯೊಂದನ್ನೇ ನೋಡಿ ಮುಂಗಡ ಕೊಡಬೇಡಿ. ಜಮೀನು ಮೊದಲು ಯಾರಿಗೆ, ಹೇಗೆ ಬಂತು ಅಂತ ಹಿಂದಕ್ಕೆ ಹೋಗಿ ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಕ್ರಯ ನಿಲ್ಲುವುದಿಲ್ಲ. ಅದು ಆ ಕುಟುಂಬದ ಹಕ್ಕು, ಅದನ್ನು ತಪ್ಪಿಸಿ ಹೋಗುವ ದಾರಿ ತೋರಿಸುವ ಮಧ್ಯವರ್ತಿಯ ಹತ್ತಿರ ಹೋಗಬೇಡಿ. ಪೋಡಿ ಆಗಿದೆಯಾ, ಅಂದರೆ ಆ ಜಮೀನನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡಿದ್ದಾರಾ, ತೋಟಕ್ಕೆ ಗಾಡಿ ಹೋಗುವ ದಾರಿ ನಕ್ಷೆಯಲ್ಲಿದೆಯಾ ಇವೆರಡನ್ನೂ ಬಿಡಬೇಡಿ.

ಕೊನೆಗೆ, ಹೆಂಡತಿಗೆ ಅಷ್ಟಾಗಿ ಇಷ್ಟವಿಲ್ಲ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಕೊಬ್ಬರಿ ಸುಲಿಸುವ ದಿನ ಏಳೆಂಟು ಜನಕ್ಕೆ ತಿಂಡಿ, ಊಟ, ಎರಡು ಸಲ ಟೀ. ಕೊಟ್ಟಿಗೆ, ಡೇರಿ, ಬಂದು ಹೋಗುವ ನೆಂಟರು. ನಿಮಗೆ ನೆಮ್ಮದಿ ಅನ್ನಿಸುವ ತೋಟದ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಮೈಮೇಲೆ ಬೀಳುತ್ತದೆ, ಅವರದೇ ಅಂತ ಇದ್ದ ಸಂಬಳ ನಿಂತು ಹೋಗಿರುತ್ತದೆ. ಇಲ್ಲಿ ಅವರು ಏನು ಮಾಡಬೇಕು ಅಂದುಕೊಂಡಿದ್ದಾರೆ, ಯಾವ ದುಡ್ಡು ಅವರ ಕೈಗೆ ಬರುತ್ತದೆ ಅಂತ ಕೂತು ಮಾತಾಡಿ. ನಮ್ಮನೆಯಲ್ಲಿ ಡೇರಿ ಸದಸ್ಯತ್ವ ಈಗ ನನ್ನ ಹೆಸರಿಗಿದೆ, ಬಟವಾಡೆ ನನ್ನ ಖಾತೆಗೇ ಬೀಳುತ್ತದೆ. ಅದನ್ನು ಬಾಯಿಬಿಟ್ಟು ಕೇಳಲು ನನಗೆ ಮೂರು ವರ್ಷ ಬೇಕಾಯಿತು.