ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಸೋರಿಕೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 69 ವರ್ಷ, ವಿರಾಜಪೇಟೆಯ ಬಳಿ ಕಾಫಿ ತೋಟವಿದೆ. ಕ್ಯಾನ್ಸರ್ ಕಾರಣದಿಂದ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಸಿಕೊಂಡು ನಾಲ್ಕು ತಿಂಗಳಾಯಿತು. ಮಲಗಿದಾಗ ತೊಂದರೆಯಿಲ್ಲ, ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ, ತೋಟದ ಇಳಿಜಾರಿನಲ್ಲಿ ನಡೆದರೆ ಮೂತ್ರ ಸೋರುತ್ತದೆ. ಸಂಜೆಯ ಹೊತ್ತಿಗೆ ಇನ್ನೂ ಹೆಚ್ಚು. ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೇನೆ, ಮೂತ್ರವನ್ನು ನಡುವೆಯೇ ತಡೆದು ಅಭ್ಯಾಸ ಮಾಡುತ್ತಿದ್ದೇನೆ. ಪುತ್ತರಿ ಸುಗ್ಗಿಹಬ್ಬಕ್ಕೆ ನಮ್ಮ ಕುಲದ ಮೂಲಮನೆಯಾದ ಐನ್‌ಮನೆಗೆ ಹೋಗಲೂ ಹಿಂಜರಿಕೆ. ಇದು ವಯಸ್ಸಿನ ದೋಷವೇ? ಇನ್ನೊಂದು ಆಪರೇಷನ್ ಬೇಕಾಗುತ್ತದೆಯೇ?

ಉತ್ತರ: ಇದು ವಯಸ್ಸಿನ ದೋಷವೂ ಅಲ್ಲ, ಕ್ಯಾನ್ಸರ್ ಮರಳಿದ ಸೂಚನೆಯೂ ಅಲ್ಲ, ಕ್ಯಾನ್ಸರಿನ ಮೇಲೆ ಕಣ್ಣಿಡಲು ಪಿಎಸ್‌ಎ ರಕ್ತಪರೀಕ್ಷೆ ಇದೆ, ಅದನ್ನು ತಪ್ಪಿಸಬೇಡಿ. ಮೂತ್ರಕೋಶದ ಕೊರಳಿನಲ್ಲಿ ನಮಗೆ ಅರಿವಿಲ್ಲದಂತೆಯೇ ಮೂತ್ರವನ್ನು ಹಿಡಿದಿಡುವ ಒಂದು ಸ್ನಾಯು ಇರುತ್ತದೆ. ಗ್ರಂಥಿಯನ್ನು ತೆಗೆಯುವಾಗ ಅದಕ್ಕೂ ಪೆಟ್ಟು ಬೀಳುವುದರಿಂದ ಅಷ್ಟೂ ಹೊಣೆ ಕೆಳಗಿನ ಹೊರಸ್ನಾಯು ಮತ್ತು ಶ್ರೋಣಿತಳದ (ಸೊಂಟದ ತಳಭಾಗದ) ಸ್ನಾಯುಗಳ ಮೇಲೆ ಬರುತ್ತದೆ. ಅವು ಸಂಜೆಗೆ ದಣಿಯುತ್ತವೆ, ಆದ್ದರಿಂದಲೇ ಆಗ ಸೋರಿಕೆ ಹೆಚ್ಚು. ರಾತ್ರಿ ಒಣಗಿರುವುದು ಒಳ್ಳೆಯ ಲಕ್ಷಣ. ಹೆಚ್ಚಿನವರಲ್ಲಿ ಸುಧಾರಣೆ ಒಂದು ವರ್ಷದವರೆಗೂ ಮುಂದುವರಿಯುತ್ತದೆ. ನಾಲ್ಕು ತಿಂಗಳಿಗೇ ಕೈಚೆಲ್ಲಬೇಕಾಗಿಲ್ಲ.

ಮೂತ್ರವನ್ನು ನಡುವೆ ತಡೆಯುವ ಅಭ್ಯಾಸವನ್ನು ದಯವಿಟ್ಟು ನಿಲ್ಲಿಸಿ, ಏಕೆಂದರೆ ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಬದಲಿಗೆ, ಹೊಟ್ಟೆಯ ಗಾಳಿಯನ್ನು ತಡೆಯುವಂತೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಿ. ಸರಿಯಾಗಿ ಮಾಡಿದರೆ ಶಿಶ್ನದ ಬುಡ ಒಳಕ್ಕೆ ಸರಿದು ವೃಷಣಗಳು ತುಸು ಮೇಲೇರುವುದು ಕನ್ನಡಿಯಲ್ಲಿ ಕಾಣುತ್ತದೆ. ಉಸಿರು ಕಟ್ಟದೆ, ತೊಡೆ ಮತ್ತು ಪೃಷ್ಠವನ್ನು ಬಿಗಿಯದೆ, 5ರಿಂದ 10 ಸೆಕೆಂಡ್ ಹಿಡಿದು ಅಷ್ಟೇ ಹೊತ್ತು ಸಡಿಲಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಬಾರಿ. ಇದಕ್ಕಿಂತಲೂ ಮುಖ್ಯವೆಂದು ನಾನು ಭಾವಿಸುವುದು ಹೊತ್ತರಿತು ಬಿಗಿಯುವುದನ್ನು: ಕೆಮ್ಮುವ, ಏಳುವ, ಬುಟ್ಟಿ ಎತ್ತುವ ಮುನ್ನವೇ ಸ್ನಾಯುವನ್ನು ಬಿಗಿಹಿಡಿಯಬೇಕು. ಫಿಸಿಯೋಥೆರಪಿಸ್ಟ್ ಒಬ್ಬರಿಂದ ಒಮ್ಮೆ ತೋರಿಸಿಕೊಂಡರೆ ಉತ್ತಮ.

ನೀರು ಕುಡಿಯುವುದನ್ನು ಬಿಡಬೇಡಿ. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಸೇರಿದರೆ ಸೋರಿಕೆ ಹೆಚ್ಚುತ್ತದೆ. ಹೃದಯ, ಮೂತ್ರಪಿಂಡದ ತೊಂದರೆಯಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಇರಲಿ. ಕಾಫಿ ಬೆಳೆಯುವ ಮನೆಯವರಿಗೆ ಹೇಳಲು ನನಗೂ ಕಷ್ಟವೇ, ಆದರೂ ಕೆಲವು ವಾರ ಕಾಫಿಯನ್ನು ಬೆಳಗಿನ ಒಂದು ಲೋಟಕ್ಕೆ ಇಳಿಸಿ ನೋಡಿ. ಮದ್ಯವನ್ನೂ ಕಡಿಮೆ ಮಾಡಿ. ಮಳೆಗಾಲದಲ್ಲಿ ಸರಿಯಾಗಿ ಒಣಗದ ಬಟ್ಟೆಯ ಮಡಿಕೆಗಿಂತ ಗಂಡಸರ ಪ್ಯಾಡ್ ಮೇಲು; ಬದಲಿಸುವಾಗ ಚರ್ಮವನ್ನು ತೊಳೆದು, ಒರೆಸಿ, ಸತುವಿನ ಮುಲಾಮು ಹಚ್ಚಿ.

ಐನ್‌ಮನೆಗೆ ಖಂಡಿತ ಹೋಗಿ. ಎರಡು ಹೆಚ್ಚುವರಿ ಪ್ಯಾಡ್ ಮತ್ತು ಕಡುಬಣ್ಣದ ಪ್ಯಾಂಟ್ ಜೊತೆಗಿರಲಿ, ಕದಿರು ತೆಗೆಯಲು ಗದ್ದೆಗೆ ಇಳಿಯುವ ಮೊದಲು ಮೂತ್ರಕ್ಕೆ ಹೋಗಿಬನ್ನಿ. ಮನೆಯವರಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿರಲಿ; ಈ ತೊಂದರೆಯಲ್ಲಿ ಮುಚ್ಚಿಡುವ ಆತಂಕವೇ ಅರ್ಧ ಕಷ್ಟವಾಗುವುದನ್ನು ನಾನು ಅನೇಕರಲ್ಲಿ ಕಂಡಿದ್ದೇನೆ. ಒಂದು ವರ್ಷದ ಬಳಿಕವೂ ಸೋರಿಕೆ ಬದುಕಿಗೆ ಅಡ್ಡಿಯಾದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಸೋರಿಕೆ ಕಡಿಮೆಯಿದ್ದರೆ ಮೂತ್ರನಾಳಕ್ಕೆ ಆಧಾರ ಕೊಡುವ ಪಟ್ಟಿ ಸಾಕಾಗಬಹುದು. ಹೆಚ್ಚಿದ್ದರೆ 1970ರ ದಶಕದಿಂದ ಬಳಕೆಯಲ್ಲಿರುವ ಕೃತಕ ಸಂಕೋಚಕವನ್ನು (ಮೂತ್ರನಾಳವನ್ನು ಒತ್ತಿ ಮುಚ್ಚಿಡುವ ಸಾಧನ) ಅಳವಡಿಸುತ್ತಾರೆ.

ಪ್ರಶ್ನೆ: ಸೋಮವಾರಪೇಟೆಯ ನಮ್ಮ ತಂದೆಗೆ (74) ಕ್ಯಾನ್ಸರ್ ಅಲ್ಲದ ಪ್ರಾಸ್ಟೇಟ್ ಊತಕ್ಕೆ, ಮೂತ್ರನಾಳದ ಮೂಲಕವೇ ಗ್ರಂಥಿಯ ಭಾಗವನ್ನು ಕೆತ್ತಿ ತೆಗೆಯುವ ಟಿಯುಆರ್‌ಪಿ ಆಗಿ ಎರಡು ವಾರವಾಯಿತು. ಅವಸರವಾಗಿ ಮೂತ್ರ ಬರುತ್ತದೆ, ನಿನ್ನೆ ಅದರಲ್ಲಿ ಸ್ವಲ್ಪ ರಕ್ತವೂ ಕಂಡಿತು.

ಉತ್ತರ: ಒಳಗಿನ ಗಾಯದ ಹೊಪ್ಪಳೆ ಈ ಸಮಯಕ್ಕೆ ಕಳಚುವುದರಿಂದ ತಿಳಿಗೆಂಪು ಮೂತ್ರ ಬರುವುದುಂಟು, ನೀರು ಕುಡಿದು, ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ನಿಲ್ಲುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಇಂದೇ ವೈದ್ಯರಿಗೆ ತಿಳಿಸಿ. ಅವಸರ ಕೆಲವು ವಾರಗಳಲ್ಲಿ, ಕೆಲವರಿಗೆ ಎರಡು ಮೂರು ತಿಂಗಳಲ್ಲಿ ತಗ್ಗುತ್ತದೆ. ಆದರೆ ರಕ್ತ ದಟ್ಟವಾದರೆ, ಹೆಪ್ಪುಗಟ್ಟಿ ಬಂದರೆ, ಚಳಿಜ್ವರ ಬಂದರೆ ಅಥವಾ ಮೂತ್ರವೇ ಕಟ್ಟಿದರೆ, ರಾತ್ರಿಯಾಯಿತು, ಮಳೆಯಿದೆ, ದಾರಿ ದೂರ ಎಂದು ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.