ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನನಗೆ 32 ವರ್ಷ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಹತ್ತು ತಿಂಗಳು. ನನಗೂ ನನ್ನ ಗಂಡನಿಗೂ ಪರಿಚಯ ಆಗಿದ್ದೇ ಒಂದು ಸೇವಾ ಬಳಗದಲ್ಲಿ. ಪ್ರತಿ ಭಾನುವಾರ ವೃದ್ಧಾಶ್ರಮಕ್ಕೆ ಹೋಗುತ್ತಿದ್ದೆವು. ಹಿರಿಯರಿಗೆ ಪೇಪರ್ ಓದಿ ಹೇಳುವುದು, ಉಗುರು ಕತ್ತರಿಸುವುದು, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಇಂಥವು. ಮಕ್ಕಳಾದ ಮೇಲೂ ಇದನ್ನು ಬಿಡಬಾರದು ಎಂದು ಮಾತಾಡಿಕೊಂಡೇ ಮದುವೆಯಾದೆವು. ಅವರು ಬಿಟ್ಟಿಲ್ಲ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ಮಧ್ಯಾಹ್ನ ಮೂರಕ್ಕೆ. ವಾರದಲ್ಲಿ ಒಂದೆರಡು ರಾತ್ರಿ 'ರಕ್ತ ಬೇಕು' ಎಂದು ಫೋನ್ ಬರುತ್ತದೆ, ಎದ್ದು ಹೋಗುತ್ತಾರೆ. ಅವರು ಹಾಗೇ ಇದ್ದಾರೆ, ನಾನು ಮಾತ್ರ ಮನೆಯಲ್ಲಿದ್ದೇನೆ. 'ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು' ಅಂತ ಎಲ್ಲರೂ ಹೇಳುತ್ತಾರೆ. ಕಳೆದ ಭಾನುವಾರ ಇಬ್ಬರು ಮಕ್ಕಳಿಗೂ ಜ್ವರ. ಇವರು ಮೂರು ಗಂಟೆಗೆ ಬಂದಾಗ 'ಮನೆಗೆ ಮಾರಿ, ಪರರಿಗೆ ಉಪಕಾರಿ' ಅಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಮಗನನ್ನು ಎತ್ತಿಕೊಂಡು ಬಾಲ್ಕನಿಗೆ ಹೋದರು. ಆಮೇಲಿಂದ ಬೇಕಾದಷ್ಟೇ ಮಾತು. ನಾನು ಸ್ವಾರ್ಥಿ ಆಗಿಬಿಟ್ಟೆನಾ? ಮಕ್ಕಳು ದೊಡ್ಡವರಾಗುವ ತನಕ ಇದೆಲ್ಲ ನಿಲ್ಲಿಸಿ ಅಂತ ಹೇಳಲಾ? ಇಲ್ಲಾ, ಮಕ್ಕಳನ್ನೂ ಕಟ್ಟಿಕೊಂಡು ನಾನೂ ಹೊರಡಲಾ?

– ಹೆಸರು ಬೇಡ

ಉತ್ತರ: ಕುಡಿದು ಬರುವ ಗಂಡನನ್ನು ಬೈಯುವುದು ಸುಲಭ. ಕೇಳಿದವರೆಲ್ಲ ನಿಮ್ಮ ಕಡೆ ನಿಲ್ಲುತ್ತಾರೆ. ಅಜ್ಜ ಅಜ್ಜಿಯರ ಉಗುರು ಕತ್ತರಿಸಿ ಬರುವ ಗಂಡನನ್ನು ಬೈದು ನೋಡಿ. ನಿಮ್ಮ ಅಮ್ಮನೂ ನಿಮ್ಮ ಕಡೆ ಇರುವುದಿಲ್ಲ. ಅದಕ್ಕೇ ಸಿಟ್ಟನ್ನು ನುಂಗುತ್ತೀರಿ. ನುಂಗಿ ನುಂಗಿ, ಇಬ್ಬರು ಮಕ್ಕಳಿಗೂ ಜ್ವರ ಬಂದ ದಿನ ಅದು ಗಾದೆಯಾಗಿ ಹೊರಗೆ ಬೀಳುತ್ತದೆ. ನೀವು ಸ್ವಾರ್ಥಿಯಲ್ಲ. ಆ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲು. 'ಅವರು ಹಾಗೇ ಇದ್ದಾರೆ, ನಾನು ಮಾತ್ರ ಮನೆಯಲ್ಲಿದ್ದೇನೆ.' ಇದನ್ನು ಎರಡು ಸಲ ಓದಿದೆ. ಇದರಲ್ಲಿ ಸಿಟ್ಟಿಗಿಂತ ಹೊಟ್ಟೆಕಿಚ್ಚು ಜಾಸ್ತಿ ಇದೆ ಅಲ್ವಾ? ಕೆಟ್ಟ ಅರ್ಥದಲ್ಲಿ ಹೇಳುತ್ತಿಲ್ಲ. ಆ ಕೆಲಸ ನಿಮ್ಮದೂ ಆಗಿತ್ತು. ನಿಮಗಾಗಿ ಕಾಯುತ್ತಿದ್ದ ಒಂದಿಬ್ಬರು ಅಜ್ಜಿಯರು ಅಲ್ಲಿದ್ದರು. ಈಗ ಅವರ ಸುದ್ದಿಯೂ ಗಂಡನ ಬಾಯಿಂದಲೇ ಬರಬೇಕು. ಮನೆಯಲ್ಲಿ ಗಂಡನಿಲ್ಲ ಎನ್ನುವ ಕೊರತೆಯ ಜೊತೆಗೆ, ಭಾನುವಾರದಲ್ಲಿ ನಾನಿಲ್ಲ ಎನ್ನುವ ಕೊರತೆಯೂ ಇದೆ. ಎರಡನ್ನೂ ಸೇರಿಸಿ ಒಂದೇ ಸಿಟ್ಟು ಮಾಡಿಕೊಂಡರೆ ಔಷಧ ತಪ್ಪಾಗುತ್ತದೆ. 'ನಿಲ್ಲಿಸಿ' ಅಂದಿರಿ ಅಂದುಕೊಳ್ಳಿ. ಅವರು ನಿಲ್ಲಿಸಿಯೂಬಿಟ್ಟರು ಅಂದುಕೊಳ್ಳಿ. ಮೊದಲನೆಯ ಕೊರತೆ ಹೋಗುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ. ಜೊತೆಗೆ ಸೋಫಾ ಮೇಲೆ ಮುಖ ಊದಿಸಿಕೊಂಡ ಒಬ್ಬ ಗಂಡ.

ನಿಮ್ಮ ಯಜಮಾನರಿಗೂ ಒಂದು ಲೆಕ್ಕ ಕಾಣುತ್ತಿಲ್ಲ. ಅವರು ಕೊಡುವ ಆರು ಗಂಟೆ ಎಲ್ಲಿಂದ ಬಂತು? ನಿಮ್ಮ ಆರು ಗಂಟೆಯಿಂದ. ಅಲ್ಲಿ ಅವರು ಒಬ್ಬರ ಉಗುರು ಕತ್ತರಿಸುವಾಗ ಇಲ್ಲಿ ನೀವು ಅವರ ಮಗನ ಡಯಾಪರ್ ಬದಲಿಸುತ್ತಿರುತ್ತೀರಿ. ಒಂದು ಕೆಲಸಕ್ಕೆ ಸೇವೆ ಎಂದು ಹೆಸರಿದೆ, ಇನ್ನೊಂದಕ್ಕೆ ಹೆಸರೇ ಇಲ್ಲ. ಅಲ್ಲಿ ಹೋದರೆ 'ಬಂದ್ಯಾ ಮಗಾ' ಎಂದು ಮುಖ ಅರಳಿಸುವವರಿದ್ದಾರೆ. ಕೆಲಸಕ್ಕೆ ಶುರು ಇದೆ, ಮುಗಿಯುವ ಹೊತ್ತಿದೆ. ಮನೆಯಲ್ಲಿ ಅಳುವ ಮಗು, ನಿದ್ದೆಗೆಟ್ಟ ಹೆಂಡತಿ, ಮುಗಿಯದ ಬಟ್ಟೆ ರಾಶಿ. ಯಾರಿಗಾದರೂ ಕಾಲು ಅತ್ತಲೇ ಎಳೆಯುತ್ತದೆ. ಅವರು ಮನೆಯಿಂದ ಓಡಿ ಹೋಗುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಸ್ವಲ್ಪವೂ ಇಲ್ಲ ಎಂದು ಪ್ರಮಾಣ ಮಾಡುವುದೂ ಇಲ್ಲ.

ಹಾಗಾದರೆ ಏನು ಮಾಡುವುದು? ಮೊದಲು ಆ ಗಾದೆಯನ್ನು ವಾಪಸ್ ತಗೊಳ್ಳಿ. ದೂರನ್ನು ತಗೊಳ್ಳಬೇಡಿ. ಗಾದೆಯ ತೊಂದರೆ ಏನೆಂದರೆ, ಅದು ಮನುಷ್ಯನಿಗೆ ಒಂದು ಹೆಸರು ಅಂಟಿಸಿಬಿಡುತ್ತದೆ. ಮಾರಿ ಅನ್ನಿಸಿಕೊಂಡವರು ಆಮೇಲೆ ನಿಮ್ಮ ಒಂದು ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಮಕ್ಕಳು ಮಲಗಿದ ಮೇಲೆ ಇಷ್ಟು ಹೇಳಿ: 'ಆ ಮಾತು ನಾನು ಆಡಬಾರದಿತ್ತು. ಆದರೆ ಅವತ್ತು ಇಬ್ಬರನ್ನೂ ಇಟ್ಟುಕೊಂಡು ನನಗೆ ಭಯ ಆಗಿತ್ತು. ಮತ್ತೆ, ನನಗೂ ಅಲ್ಲಿಗೆ ಹೋಗಬೇಕು ಅನಿಸುತ್ತೆ.' ಕೊನೆಯ ವಾಕ್ಯವನ್ನು ಬಿಡಬೇಡಿ. ಅದನ್ನು ಅವರು ಇಲ್ಲಿಯ ತನಕ ಕೇಳಿಯೇ ಇಲ್ಲ ಎಂದು ನನ್ನ ಅನುಮಾನ.

ಆಮೇಲೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತುಕೊಳ್ಳಿ. ತಿಂಗಳಲ್ಲಿ ಒಂದು ಭಾನುವಾರ ಅವರದು. ಒಂದು ನಿಮ್ಮದು. ಅವತ್ತು ನೀವು ಒಬ್ಬರೇ ಹೋಗುತ್ತೀರಿ, ಅವರು ಇಬ್ಬರು ಮಕ್ಕಳ ಜೊತೆ ಮನೆಯಲ್ಲಿರುತ್ತಾರೆ. ಚೀಟಿ ಬರೆದಿಡಬೇಡಿ, ಮಧ್ಯೆ ಫೋನ್ ಮಾಡಿ 'ಮಲಗಿದನಾ' ಎಂದು ಕೇಳಬೇಡಿ. ವಾಪಸ್ ಬಂದಾಗ ಮನೆ ರಣರಂಗ ಆಗಿದ್ದರೂ ಬಾಯಿ ಬಿಡಬೇಡಿ. ಇದು ಅವರಿಗೆ ಶಿಕ್ಷೆಯೂ ಅಲ್ಲ, ಪಾಠವೂ ಅಲ್ಲ. ನಿಮ್ಮ ಪಾಲಿನ ಭಾನುವಾರ ಅಷ್ಟೇ. ಮೂರನೆಯದು ನಾಲ್ಕೂ ಜನ ಸೇರಿ ಹೋಗುವ ದಿನ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ನಾಲ್ಕನೆಯ ಭಾನುವಾರ ಯಾರೂ ಎಲ್ಲಿಗೂ ಹೋಗುವುದಿಲ್ಲ, ಸುಮ್ನೆ ಮನೆಯಲ್ಲಿ ಬಿದ್ದುಕೊಂಡಿರುತ್ತೀರಿ. ತಿಂಗಳಿಗೆ ಐದು ಭಾನುವಾರ ಬಂದರೆ ನೀವೇ ಜಗಳ ಆಡಿ ತೀರ್ಮಾನಿಸಿಕೊಳ್ಳಿ.

ರಾತ್ರಿಯ ಫೋನ್ ವಿಷಯದಲ್ಲಿ ನಾನು ಖಡಾಖಂಡಿತ. ಎಳೆ ಮಗು ಇರುವ ಮನೆಯವರ ಹೆಸರು ರಾತ್ರಿ ಪಟ್ಟಿಯಲ್ಲಿ ಇರಬಾರದು. ಬಳಗದಲ್ಲಿ ಸರದಿ ಹಾಕಿಕೊಳ್ಳಲಿ. ಒಬ್ಬನೇ ಎದ್ದು ಓಡಬೇಕು ಅನ್ನುವ ವ್ಯವಸ್ಥೆ ಆ ಒಬ್ಬನಿಗೆ ಜ್ವರ ಬಂದ ದಿನ ಮುರಿದು ಬೀಳುತ್ತದೆ. ನಿಮ್ಮವರು ಎರಡು ವರ್ಷ ಬಿಟ್ಟು ಆ ಪಟ್ಟಿಗೆ ವಾಪಸ್ ಸೇರಿಕೊಳ್ಳಬಹುದು.

ಈಗ ಮಕ್ಕಳ ಮಾತು. ಕರೆದುಕೊಂಡು ಹೋಗಲಾ ಎಂದು ಕೇಳಿದ್ದೀರಿ. ಹೋಗಿ. ಆದರೆ ನೀವು ಮೊದಲು ಹೋಗುತ್ತಿದ್ದ ಹಾಗೆ ಅಲ್ಲ.

ಮಕ್ಕಳಿಗೆ ಸೇವೆ ಕಲಿಸಬೇಕು ಎಂದು ನಾವೆಲ್ಲ ಒದ್ದಾಡುತ್ತೇವೆ. ಅವರಿಗೆ ಅದು ಆಗಲೇ ಬರುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೆಲಸ ಮಾಡುತ್ತಿದ್ದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 18 ತಿಂಗಳ 24 ಮಕ್ಕಳು. ಅವರ ಎದುರಿಗೆ ಪರಿಚಯವಿಲ್ಲದ ಒಬ್ಬ ದೊಡ್ಡವನು ಬಟ್ಟೆ ಒಣಹಾಕುತ್ತಾ ಕ್ಲಿಪ್ ಬೀಳಿಸಿಕೊಳ್ಳುತ್ತಾನೆ, ಕೈ ಚಾಚಿದರೂ ಎಟುಕುವುದಿಲ್ಲ. ಇನ್ನೊಮ್ಮೆ ಎರಡೂ ಕೈ ತುಂಬ ಮ್ಯಾಗಜಿನ್ ಹಿಡಿದುಕೊಂಡು ಬಂದು ಮುಚ್ಚಿದ ಕಪಾಟಿಗೆ ಡಿಕ್ಕಿ ಹೊಡೆಯುತ್ತಾನೆ. 'ಹೋಗಿ ಸಹಾಯ ಮಾಡು' ಎಂದು ಯಾರೂ ಹೇಳಲಿಲ್ಲ. 24 ಮಕ್ಕಳಲ್ಲಿ 22 ಮಕ್ಕಳು ಒಮ್ಮೆಯಾದರೂ ಎದ್ದು ಹೋಗಿ ಕೈ ಜೋಡಿಸಿದರು. ಇದೇ ಇಬ್ಬರು 2008ರಲ್ಲಿ 20 ತಿಂಗಳ ಮಕ್ಕಳ ಜೊತೆ ಮತ್ತೊಂದನ್ನು ನೋಡಿದರು. ಸಹಾಯ ಮಾಡಿದಾಗೆಲ್ಲ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ ಸಹಾಯವನ್ನೂ ಕಡಿಮೆ ಮಾಡಿದರು. ಬರೀ ಹೊಗಳಿಕೆ ಸಿಕ್ಕವರು, ಏನೂ ಸಿಗದವರು ಮೊದಲಿನ ಹಾಗೇ ಮಾಡುತ್ತಿದ್ದರು. ಹಾಗಾಗಿ 'ಅಜ್ಜಿಗೆ ನೀರು ಕೊಟ್ಟು ಬಾ, ಸ್ಟಿಕರ್ ಕೊಡ್ತೀನಿ' ಅನ್ನುವ ವ್ಯಾಪಾರ ಬೇಡ.

ಮಗುವಿನ ಸಹಾಯಕ್ಕೆ ಅಡ್ಡ ಬರುವುದು ನಮ್ಮ ಅವಸರ. ನಾಲ್ಕು ವರ್ಷದವಳು ಒಂದು ಲೋಟ ನೀರು ಕೊಡಲು ಹೊರಟರೆ ಎಷ್ಟು ಹೊತ್ತು ಬೇಕು ಗೊತ್ತಾ? ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ಕಣ್ಣು ಪೂರ್ತಿ ನೀರಿನ ಮೇಲೆ. ನಾಲಿಗೆ ಹೊರಗೆ. ಅರ್ಧ ದಾರಿಯಲ್ಲಿ ನಿಂತು, ಎಷ್ಟು ಚೆಲ್ಲಿತು ಎಂದು ನೆಲ ನೋಡುತ್ತಾಳೆ, ನೋಡುವಾಗ ಇನ್ನಷ್ಟು ಚೆಲ್ಲುತ್ತದೆ. 'ಕೊಡಿಲ್ಲಿ, ನಾನೇ ಕೊಡ್ತೀನಿ' ಎಂದು ನೀವು ಕಿತ್ತುಕೊಂಡಿರೋ, ಅವತ್ತಿನ ಸೇವೆ ಮುಗಿಯಿತು. ಅದಕ್ಕೇ ಹೇಳಿದ್ದು, ಮಕ್ಕಳ ಜೊತೆ ಹೋಗುವ ದಿನ ಆರು ಗಂಟೆಯ ಕೆಲಸವನ್ನು ಮುಕ್ಕಾಲು ಗಂಟೆಗೆ ಇಳಿಸಿ. ಮೂವತ್ತು ಜನ ಬೇಡ, ಒಬ್ಬರು ಸಾಕು. ಮೆಟ್ಟಿಲು ಇಳಿಯಲು ಆಗದ, ಹತ್ತಿರದಲ್ಲೇ ಇರುವ ಒಬ್ಬ ಹಿರಿಯರು. ಪ್ರತಿ ತಿಂಗಳೂ ಅವರೇ. ಮಕ್ಕಳಿಗೆ ಗುರುತಾಗುವುದು ಮುಖ. ಅವರ ಗಿಡಗಳಿಗೆ ನೀರು ಹಾಕುವುದು, ಔಷಧದ ಡಬ್ಬಿಯಲ್ಲಿ ಖಾಲಿಯಾದ ಸ್ಟ್ರಿಪ್‌ಗಳನ್ನು ನೀವು ತೆಗೆದು ಕೊಟ್ಟಾಗ ಅವಳು ಕಸದ ಬುಟ್ಟಿಗೆ ಹಾಕುವುದು, ಕನ್ನಡಕ ಹುಡುಕಿ ಕೊಡುವುದು. ಇಷ್ಟೇ.

ನನ್ನದೇ ಒಂದು ಕಥೆ ಹೇಳುತ್ತೇನೆ. ನನ್ನ ಮಗಳಿಗೆ ಮೂರು ವರ್ಷವಿದ್ದಾಗ ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರನ್ನು ನೋಡಲು ಹೋದೆವು. ದಾರಿಯುದ್ದಕ್ಕೂ ಅವಳಿಗೆ ಒಂದು ಹಾಡು ಪ್ರಾಕ್ಟೀಸ್ ಮಾಡಿಸಿದ್ದೆ. ಒಳಗೆ ಕಾಲಿಟ್ಟವಳೇ ಮಂಚದ ಕೆಳಗೆ ತೂರಿಕೊಂಡಳು. ಕರೆದರೆ ಬರಲಿಲ್ಲ. ನಾನು ನಾಚಿಕೆಯಿಂದ ಕುಗ್ಗಿಹೋದೆ. ಅವರು ಮಾತ್ರ ಪಕ್ಕದಲ್ಲಿದ್ದ ಊರುಗೋಲನ್ನು ತಗೊಂಡು ನೆಲಕ್ಕೆ ಎರಡು ಸಲ ಕುಟ್ಟಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಳಗಿಂದ ಟಕ್ ಟಕ್. ಅವರು ಮೂರು ಕುಟ್ಟಿದರು, ಇವಳೂ ಮೂರು. ಇಪ್ಪತ್ತು ನಿಮಿಷ ಇದೇ ನಡೆಯಿತು. ಹೊರಡುವಾಗ ಅವರು ಕೇಳಿದ್ದು, 'ಮಂಚದ ಕೆಳಗಿನವಳನ್ನ ಮತ್ತೆ ಯಾವಾಗ ಕರ್ಕೊಂಡು ಬರ್ತೀಯಾ?' ಹಾಡು ಯಾರಿಗೂ ನೆನಪಾಗಲಿಲ್ಲ.

ಇನ್ನು ಕೆಲವು ಎಚ್ಚರಿಕೆ. ಮಕ್ಕಳಿಗೆ ಮೂಗು ಸೋರುತ್ತಿದ್ದರೆ ಅವತ್ತು ಹಿರಿಯರ ಹತ್ತಿರ ಹೋಗಲೇಬೇಡಿ, ಎಷ್ಟೇ ಮಾತು ಕೊಟ್ಟಿದ್ದರೂ. ಫ್ಲೂ ಲಕ್ಷಣ ಕಾಣುವ ಒಂದು ದಿನ ಮುಂಚೆಯೇ ಹರಡಲು ಶುರುವಾಗುತ್ತದೆ, ಮಗುವಿಗೆ ಬಂದು ಹೋಗುವುದು ಎಂಬತ್ತರ ಅಜ್ಜನಿಗೆ ನ್ಯುಮೋನಿಯಾ ಆಗಬಹುದು. ಮನೆಯಲ್ಲಿ ಒಬ್ಬರಿಗೆ ಜ್ವರ ಎಂದರೆ ನಾಲ್ಕೂ ಜನ ಮನೆಯಲ್ಲೇ. ನಿಮ್ಮವರು ಕಳೆದ ಭಾನುವಾರ ಜ್ವರದ ಮನೆಯಿಂದ ಎದ್ದು ವೃದ್ಧಾಶ್ರಮಕ್ಕೆ ಹೋಗಿದ್ದೇ ಸರಿಯಲ್ಲ. ಈ ಮಾತನ್ನು ಗಾದೆ ಇಲ್ಲದೆ ಹೇಳಬಹುದು.

ಅನಾಥಾಶ್ರಮಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ 'ನೋಡು, ಅವರಿಗೆ ಯಾರೂ ಇಲ್ಲ' ಎಂದು ತೋರಿಸುವ ಪ್ರವಾಸವನ್ನಂತೂ ಮಾಡಬೇಡಿ. ಅಲ್ಲಿನ ಮಕ್ಕಳು ನಮ್ಮ ಮಕ್ಕಳ ಪಾಠದ ಪುಸ್ತಕವಲ್ಲ. ಒಂದು ದಿನ ಎತ್ತಿ ಆಡಿಸಿ ಮತ್ತೆಂದೂ ಬರದವರನ್ನು ಅವು ಎಷ್ಟೋ ಸಲ ನೋಡಿರುತ್ತವೆ. ಫೋಟೊ ಕೂಡ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಮಗಳ ಮುಂದೆ 'ಸೇವೆ' ಎಂಬ ಪದವನ್ನೇ ಆಡಬೇಡಿ. 'ಅಜ್ಜನ ಮನೆಗೆ ಹೋಗೋಣ್ವಾ' ಅಂದರೆ ಸಾಕು. ಸೇವೆ ಅಂದ ಕೂಡಲೇ ಕೊಡುವವರು ಮೇಲೆ, ತಗೊಳ್ಳುವವರು ಕೆಳಗೆ ಎಂಬ ಏಣಿ ಮಗುವಿನ ತಲೆಯಲ್ಲಿ ನಿಂತುಬಿಡುತ್ತದೆ. ಇಳಿಸುವುದು ಕಷ್ಟ.

ಇನ್ನೊಂದು ವಿಷಯವನ್ನು ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಹತ್ತು ತಿಂಗಳ ಮಗುವಿನ ತಾಯಿ ನೀವು. ದಿನವಿಡೀ ಅಳು ಬರುತ್ತದಾ? ಮಗು ಮಲಗಿದರೂ ನಿಮಗೆ ನಿದ್ದೆ ಬರುವುದಿಲ್ಲವಾ? ಯಾವುದರಲ್ಲೂ ಮನಸ್ಸಿಲ್ಲವಾ? ಎರಡು ವಾರಕ್ಕಿಂತ ಜಾಸ್ತಿ ಹೀಗಿದ್ದರೆ ಡಾಕ್ಟರನ್ನು ನೋಡಿ. ಹೆರಿಗೆಯ ನಂತರದ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು, ಚಿಕಿತ್ಸೆಯಿಂದ ಕಡಿಮೆಯೂ ಆಗುತ್ತದೆ. ಹಾಗಿದ್ದಲ್ಲಿ ಮೇಲೆ ಬರೆದ ಕ್ಯಾಲೆಂಡರ್ ಎಲ್ಲ ಪಕ್ಕಕ್ಕಿಡಿ. ಸದ್ಯಕ್ಕೆ ಎಲ್ಲ ಭಾನುವಾರವೂ ನಿಮ್ಮದೇ.

ಕೊನೆಗೆ, ಆ ಬಾಲ್ಕನಿ. ನೀವು ಅದನ್ನು ಮುನಿಸು ಎಂದು ಓದಿದ್ದೀರಿ. ಅಷ್ಟು ದೊಡ್ಡ ಮಾತು ಕೇಳಿದವರು ಬಾಗಿಲು ಬಡಿದು ಹೊರಗೆ ಹೋಗಬಹುದಿತ್ತು. ಬಳಗದವರ ಹತ್ತಿರವೇ ವಾಪಸ್ ಹೋಗಬಹುದಿತ್ತು, ಅಲ್ಲಿ ಅವರನ್ನು ಯಾರೂ ಮಾರಿ ಅನ್ನುವುದಿಲ್ಲ. ಅವರು ಜ್ವರ ಬಂದ ಮಗುವನ್ನು ನಿಮ್ಮ ಕೈಯಿಂದ ಎತ್ತಿಕೊಂಡು ಹೋದರು. ಹೇಳಿದ್ದು ಅವರಿಗೆ ಕೇಳಿಸಿದೆ. ಇವತ್ತು ಮಕ್ಕಳು ಮಲಗಿದ ಮೇಲೆ ಅದೇ ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿ, ಅವರನ್ನು ಕರೆಯಿರಿ.