ಅಪ್ಪನ ಕಾಲ ಸುಲಭವೋ, ಮಗನ ಕಾಲ ಸುಲಭವೋ?

ಪ್ರಶ್ನೆ: ನನಗೆ 32 ವರ್ಷ, ಅಪ್ಪನಿಗೆ 64. ದುಡ್ಡಿನ ಮಾತು ಬಂದರೆ ಸಾಕು, ಮನೆಯಲ್ಲಿ ಜಗಳ. ‘ನಿಮಗೇನೋ ಕಷ್ಟ? ಕೂತಲ್ಲೇ ಎಲ್ಲಾ ಬರುತ್ತೆ’ ಅಂತಾರೆ ಅಪ್ಪ. ‘ನೀವು ಒಬ್ಬರ ಸಂಬಳದಲ್ಲಿ 35 ದಾಟೋಕೆ ಮುಂಚೆ ಸ್ವಂತ ಮನೆ ಮಾಡಿದ್ರಿ. ನಾವು ಗಂಡ ಹೆಂಡತಿ ಇಬ್ಬರು ದುಡಿದರೂ ಬಾಡಿಗೆ ಮನೆಯಲ್ಲೇ ಇದ್ದೀವಿ’ ಅಂತೀನಿ ನಾನು. ನಮ್ಮಿಬ್ಬರಲ್ಲಿ ಯಾರು ಸರಿ?

ಇಬ್ಬರೂ ಸರಿ ಅಂದರೆ ಜಾರಿಕೊಂಡ ಹಾಗಾಗುತ್ತದೆ. ಅದಕ್ಕೇ ಪಕ್ಷ ಹಿಡಿದೇ ಹೇಳುತ್ತೇನೆ. ಮನೆಯ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಜಾಸ್ತಿ. ಉಳಿದ ಬಹುಪಾಲು ವಿಷಯಗಳಲ್ಲಿ ಅಪ್ಪನ ಮಾತಿಗೆ. ಆದರೆ ‘ಒಬ್ಬರ ಸಂಬಳದಲ್ಲಿ’ ಅಂದಿರಲ್ಲ, ಅದಕ್ಕೆ ನನ್ನದೊಂದು ತಕರಾರಿದೆ. ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ ಹಾಕುವ ರೀತಿ ಸರಿಯಾಗಬೇಕು. ಹಳೇ ಬೆಲೆ, ಹೊಸ ಬೆಲೆ ಅಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಆ ವಸ್ತು ಕೊಳ್ಳಲು ಆಗ ಎಷ್ಟು ದಿನ ದುಡಿಯಬೇಕಿತ್ತು, ಈಗ ಎಷ್ಟು ದಿನ ಅಂತ ಕೇಳಬೇಕು. ಇನ್ನೊಂದು, ಹೋಲಿಕೆ ವಯಸ್ಸಿಗೆ ವಯಸ್ಸು ಇರಬೇಕು. 64ರ ಅಪ್ಪನನ್ನು ನೋಡಿ 32ರ ಮಗ ಹೊಟ್ಟೆ ಉರಿದುಕೊಂಡರೆ ಅದು ಕಾಲದ ಹೋಲಿಕೆಯಲ್ಲ, ಮೂವತ್ತು ವರ್ಷದ ಉಳಿತಾಯದ ಜೊತೆ ಪೈಪೋಟಿ.

ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಹೀಗೆ ವಯಸ್ಸಿಗೆ ವಯಸ್ಸು ಹೋಲಿಸಿ ನೋಡಿದರು. 2017ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, 1940ರಲ್ಲಿ ಹುಟ್ಟಿದವರಲ್ಲಿ ಸುಮಾರು ಶೇ 90ರಷ್ಟು ಮಂದಿ 30ರ ಆಸುಪಾಸಿಗೆ ತಮ್ಮ ತಂದೆತಾಯಿ ಅದೇ ವಯಸ್ಸಿನಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು ಗಳಿಸುತ್ತಿದ್ದರು. 1980ರಲ್ಲಿ ಹುಟ್ಟಿದವರಲ್ಲಿ ಆ ಪಾಲು ಸುಮಾರು ಶೇ 50ಕ್ಕೆ ಇಳಿದಿತ್ತು. ಇದು ಒಂದು ದೇಶದ ಕಥೆ, ಎಲ್ಲ ಕಡೆ ಹೀಗೇ ಅಂತಲ್ಲ. ಅಲ್ಲೂ ಅರ್ಧದಷ್ಟು ಮಕ್ಕಳು ಅಪ್ಪಅಮ್ಮನನ್ನು ಮೀರಿಸಿದ್ದಾರೆ ಅನ್ನುವುದನ್ನು ಮಾತ್ರ ಜಗಳದ ಬಿಸಿಯಲ್ಲಿ ಯಾರೂ ಹೇಳುವುದಿಲ್ಲ.

ಈಗ ನಿಮ್ಮ ಮನೆ ಜಗಳದ ಬೇರಿಗೆ ಬರೋಣ. ಕಾರ್ಖಾನೆಯಲ್ಲಿ ಆಗುವ ಎಲ್ಲದಕ್ಕೂ ಈಗ ಮೊದಲಿಗಿಂತ ಕಡಿಮೆ ದಿನ ದುಡಿದರೆ ಸಾಕು. ಬಟ್ಟೆ, ಟಿವಿ, ಫ್ರಿಜ್, ದೂರದ ಫೋನ್ ಕರೆ, ಎಲ್ಲ. ಒಬ್ಬ ಮನುಷ್ಯ ಕೂತು ಮಾಡಲೇಬೇಕಾದ ಕೆಲಸ ಹಾಗಲ್ಲ. ಮೇಷ್ಟ್ರ ಒಂದು ಗಂಟೆ ಪಾಠಕ್ಕೆ ಇವತ್ತೂ ಒಂದು ಗಂಟೆಯೇ ಬೇಕು. ಆದರೆ ಬೇರೆ ಕಡೆ ಸಂಬಳ ಏರಿದಾಗ ಮೇಷ್ಟ್ರ ಸಂಬಳವೂ ಏರಬೇಕಲ್ಲ? ಇಲ್ಲದಿದ್ದರೆ ಅವರು ಆ ಕೆಲಸದಲ್ಲಿ ಉಳಿಯುವುದಿಲ್ಲ. ಓದು, ಆಸ್ಪತ್ರೆ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ದುಬಾರಿಯಾಗಿದ್ದಕ್ಕೆ ಇದೊಂದು ದೊಡ್ಡ ಕಾರಣ. 1960ರ ದಶಕದಲ್ಲಿ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ನಾಟಕ, ಸಂಗೀತದ ತಂಡಗಳ ಖರ್ಚು ನೋಡುತ್ತಾ ಹಿಡಿದ ಸೂಕ್ಷ್ಮ ಇದು.

ಇನ್ನು ಜಾಗ. ಅದನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ. ಮುಂದುವರಿದ 14 ದೇಶಗಳಲ್ಲಿ 1870ರಿಂದ 2012ರವರೆಗಿನ ಮನೆ ಬೆಲೆಗಳನ್ನು ಕ್ನೋಲ್, ಶುಲಾರಿಕ್ ಮತ್ತು ಸ್ಟೇಗರ್ ಎಂಬ ಮೂವರು ಕಲೆಹಾಕಿದ್ದಾರೆ. ಹಣದುಬ್ಬರ ಕಳೆದು ನೋಡಿದರೆ 20ನೇ ಶತಮಾನದ ನಡುವಿನವರೆಗೆ ಬೆಲೆ ಹೆಚ್ಚುಕಮ್ಮಿ ಅಲ್ಲೇ ಇತ್ತು, ಆಮೇಲೆ ಜೋರಾಗಿ ಏರಿತು. ಆ ಏರಿಕೆಯಲ್ಲಿ ಸುಮಾರು ಶೇ 80 ಜಾಗದ ಬೆಲೆಯೇ. ಇಟ್ಟಿಗೆ, ಕಬ್ಬಿಣ, ಕೂಲಿಯ ಪಾಲು ಸಣ್ಣದು. ಅಪ್ಪ ಕೈಯಲ್ಲಿರುವ ಫೋನ್ ತೋರಿಸುತ್ತಾರೆ, ನೀವು ಜಾಗ ತೋರಿಸುತ್ತೀರಿ.

‘ನಮ್ಮ ಕಾಲದಲ್ಲಿ ಬಡ್ಡಿ ಎಷ್ಟಿತ್ತು ಗೊತ್ತಾ?’ ಅಂತಲೂ ಅಪ್ಪ ಕೇಳಿರಬಹುದು. ಆ ಮಾತಿನಲ್ಲಿ ಹುರುಳಿದೆ. ಅಮೆರಿಕದಲ್ಲಿ 1981ರ ಅಕ್ಟೋಬರ್‌ನಲ್ಲಿ 30 ವರ್ಷದ ಮನೆ ಸಾಲದ ಸರಾಸರಿ ಬಡ್ಡಿ ಶೇ 18 ದಾಟಿತ್ತು. ಬನ್ನಿ, ಒಂದು ಲೆಕ್ಕ ಹಾಕಿ ನೋಡೋಣ. ಅಪ್ಪ 100ರ ಸಾಲವನ್ನು ಶೇ 12ರ ಬಡ್ಡಿಗೆ 20 ವರ್ಷಕ್ಕೆ ತೆಗೆದರು ಅಂದುಕೊಳ್ಳಿ. ತಿಂಗಳ ಕಂತು ಸುಮಾರು 1.10. ನೀವು ಶೇ 7ಕ್ಕೆ ತೆಗೆದರೆ ಕಂತು ಸುಮಾರು 0.78. ನೋಡಿ, ನಿಮ್ಮದೇ ಹಗುರ! ಆದರೆ ಬಡ್ಡಿ ಇಳಿದಾಗ ಅದೇ ಕಂತಿಗೆ ಸುಮಾರು ಶೇ 42ರಷ್ಟು ಹೆಚ್ಚು ಸಾಲ ಸಿಗುತ್ತದೆ. ಅದು ನಿಮಗೊಬ್ಬರಿಗೇ ಅಲ್ಲ, ಕೊಳ್ಳಲು ಬಂದ ಎಲ್ಲರಿಗೂ ಸಿಗುತ್ತದೆ. ಜಾಗ ಮಾತ್ರ ಅಷ್ಟೇ ಇದೆ. ಬೆಲೆ ಮೇಲೆ ಹೋಗದೆ ಇನ್ನೇನು? ಬೆಲೆ ಏರಿದ ಮೇಲೆ ಮೊದಲು ಕೈಯಿಂದ ಹಾಕಬೇಕಾದ ಇಡುಗಂಟೂ ಏರುತ್ತದೆ. ನಿಮ್ಮ ವಯಸ್ಸಿನವರು ಎಡವುವುದು ಅಲ್ಲೇ. ಕಂತು ಕಟ್ಟುವ ತಾಕತ್ತಿದೆ, ಇಡುಗಂಟು ಇಲ್ಲ.

ಆಮೇಲಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅಪ್ಪನ ಕಾಲದಲ್ಲಿ ಸಂಬಳ ವರ್ಷಕ್ಕೆ ಶೇ 10ರ ಹಾಗೆ ಏರುತ್ತಿತ್ತು ಅಂದುಕೊಳ್ಳಿ. ಏಳು ವರ್ಷ ಚಿಲ್ಲರೆಯಲ್ಲಿ ಅದು ದುಪ್ಪಟ್ಟು. ಕಂತು ಮಾತ್ರ ಹಾಗೇ ಇರುತ್ತದೆ. ಸಂಬಳದ ಅರ್ಧ ನುಂಗುತ್ತಿದ್ದ ಕಂತು ಎಂಟನೇ ವರ್ಷಕ್ಕೆ ಕಾಲು ಭಾಗ ನುಂಗುತ್ತದೆ. ಅದೇ ಸಂಬಳ ಶೇ 3ರ ಹಾಗೆ ಏರಿದರೆ ದುಪ್ಪಟ್ಟಾಗಲು 23 ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಸಾಲವೇ ತೀರಿರುತ್ತದೆ. ಅಂದರೆ ಅಪ್ಪನಿಗೆ ಮೊದಲ ಆರೇಳು ವರ್ಷ ನಿಜಕ್ಕೂ ಉಸಿರುಕಟ್ಟುವಂತಿತ್ತು, ಆಮೇಲೆ ಹಣದುಬ್ಬರವೇ ಸಾಲದ ಭಾರ ಇಳಿಸಿತು. ಅವರ ನೆನಪಿನಲ್ಲಿ ಉಳಿದಿರುವುದು ಮೊದಲ ವರ್ಷಗಳು. ಆಗ ನೀವು ಹುಟ್ಟೇ ಇರಲಿಲ್ಲ ಅಥವಾ ತೊಟ್ಟಿಲಲ್ಲಿದ್ದಿರಿ. ನೀವು ಕಣ್ಣಾರೆ ಕಂಡದ್ದು ಕಂತು ಹಗುರಾದ ಮೇಲಿನ ಮನೆಯನ್ನು. ಒಂದೇ ಸಾಲದ ಎರಡು ತುದಿ ಹಿಡಿದುಕೊಂಡು ಇಬ್ಬರೂ ಎಳೆದಾಡುತ್ತಿದ್ದೀರಿ.

ಇನ್ನು ನನ್ನ ತಕರಾರು. ಒಬ್ಬರ ಸಂಬಳದಲ್ಲಿ ಮನೆ ನಡೆಯಿತು, ನಿಜ. ಒಬ್ಬರ ದುಡಿಮೆಯಲ್ಲಿ ನಡೆಯಿತಾ? ಅಡುಗೆ, ಬಟ್ಟೆ ಒಗೆಯುವುದು, ಮಕ್ಕಳ ಪಾಠ, ವಯಸ್ಸಾದವರ ಆರೈಕೆ, ಹರಿದ ಬಟ್ಟೆಗೆ ಹೊಲಿಗೆ, ಇವನ್ನೆಲ್ಲ ಅಮ್ಮ ಮಾಡಿದರು. ಅದಕ್ಕೆ ಸಂಬಳ ಇರಲಿಲ್ಲ, ದೇಶದ ಜಿಡಿಪಿ ಲೆಕ್ಕದಲ್ಲೂ ಅದು ಬರುವುದಿಲ್ಲ. ಇವತ್ತು ಅದರಲ್ಲಿ ಅರ್ಧ ಕೆಲಸವನ್ನು ನೀವು ದುಡ್ಡು ಕೊಟ್ಟು ಮಾಡಿಸುತ್ತೀರಿ. ಆದ್ದರಿಂದ ನಿಮ್ಮ ಎರಡನೇ ಸಂಬಳ ಪೂರ್ತಿ ಲಾಭವಲ್ಲ, ಅಪ್ಪನ ಒಂದು ಸಂಬಳ ಪೂರ್ತಿ ಅವರೊಬ್ಬರ ಸಾಧನೆಯೂ ಅಲ್ಲ. ಆ ಕಾಲ ಸುಲಭ ಇತ್ತಾ ಅಂತ ಅಮ್ಮನನ್ನು ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅಮ್ಮನ ಮಾತೇ ಇಲ್ಲ.

ಇನ್ನೊಂದು ಸಣ್ಣ ಮಾತು. ಅಂದು ಮನೆ ಕಟ್ಟಿದವರು ಇಂದು ಜಂಬದಿಂದ ಕಥೆ ಹೇಳುತ್ತಾರೆ. ಅಂದು ಕಟ್ಟಲಾಗದವರು ಸುಮ್ಮನಿರುತ್ತಾರೆ. ಗೆದ್ದವರನ್ನಷ್ಟೇ ಕೇಳಿ ಆ ಕಾಲವನ್ನು ಅಳೆಯಬೇಡಿ.

ಅಪ್ಪನ ಹತ್ತಿರ ಹಳೇ ಸಾಲದ ಕಾಗದ, ಸಂಬಳದ ಚೀಟಿ ಇದ್ದರೆ ತೆಗೆಸಿ. ಮೊದಲ ವರ್ಷ ಕಂತು ಸಂಬಳದ ಎಷ್ಟನೇ ಪಾಲು, ಹತ್ತನೇ ವರ್ಷ ಎಷ್ಟನೇ ಪಾಲು ಅಂತ ಇಬ್ಬರೂ ಕೂತು ಬರೆಯಿರಿ. ನಿಮ್ಮ ಬಾಡಿಗೆಯನ್ನೂ ಪಕ್ಕದಲ್ಲಿ ಬರೆಯಿರಿ.

ಪ್ರಶ್ನೆ: ಮಗಳು ಆಗಾಗ ಹೊಸ ಫೋನ್ ತಗೋತಾಳೆ, ಹೊರಗೆ ತಿಂತಾಳೆ. ಆಮೇಲೆ ಮನೆ ಕೊಳ್ಳೋಕೆ ಆಗ್ತಿಲ್ಲ ಅಂತ ಅಳ್ತಾಳೆ. ಖರ್ಚು ಬಿಗಿ ಮಾಡಿದ್ರೆ ಆಗಲ್ವಾ?

ಲೆಕ್ಕ ಹಾಕೋಣ ಅಮ್ಮಾ. ಒಂದು ಫೋನಿಗೆ ಅವಳ ಒಂದು ತಿಂಗಳ ಸಂಬಳ ಅಂದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ 20 ವರ್ಷಕ್ಕೆ ಹತ್ತು ತಿಂಗಳ ಸಂಬಳ ಹೋಯಿತು. ಮನೆ ಹತ್ತು ವರ್ಷದ ಸಂಬಳದಷ್ಟಿದ್ದರೆ? ಒಂದೇ ಒಂದು ಫೋನ್ ಕೊಳ್ಳದೆ 20 ವರ್ಷ ಬಿಗಿ ಹಿಡಿದರೂ ಮನೆ ಬೆಲೆಯ ಹನ್ನೆರಡನೇ ಒಂದು ಪಾಲು ಕೈಗೆ ಬರುತ್ತದೆ. ಮನೆ ಬೆಲೆ ಅಷ್ಟರಲ್ಲಿ ನಿಂತಲ್ಲೇ ನಿಂತಿರುವುದಿಲ್ಲ. ಹೊರಗಿನ ಊಟದ್ದು ಬೇರೆ ಮಾತು, ದಿನಾ ಆದರೆ ಅದು ನಿಜಕ್ಕೂ ದೊಡ್ಡ ಮೊತ್ತ. ಅಲ್ಲಿ ನಿಮ್ಮ ಪರ ನಾನು. ಆದರೂ ಸಣ್ಣ ಖುಷಿಗಳಿಂದ ಮನೆ ತಪ್ಪಿತು ಅನ್ನುವುದಕ್ಕಿಂತ, ಮನೆ ಕೈಗೆಟುಕದ್ದರಿಂದ ಸಣ್ಣ ಖುಷಿಗೆ ಖರ್ಚಾಗುತ್ತಿದೆ ಅನ್ನುವುದು ಎಷ್ಟೋ ಸಲ ಹೆಚ್ಚು ನಿಜ.

ಪ್ರಶ್ನೆ: ನನಗೆ 70. ದುಡ್ಡಿರಲಿಲ್ಲ, ಆದರೂ ನಮ್ಮ ಕಾಲವೇ ಚೆನ್ನಾಗಿತ್ತು ಅನ್ನಿಸುತ್ತೆ. ಇದು ಬರೀ ನೆನಪಿನ ಆಟವಾ?

ಸ್ವಲ್ಪ ಹೌದು. ಪ್ರವಾಸ, ರಜೆಯ ಸಮಯದಲ್ಲಿ ಜನರಿಗೆ ಹೇಗನ್ನಿಸಿತು, ಆಮೇಲೆ ಅದನ್ನು ಹೇಗೆ ನೆನೆದರು ಅಂತ ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮತ್ತಿತರರು ಪರೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದ್ದರು. ಅನುಭವಿಸುವಾಗ ಇದ್ದ ಕಿರಿಕಿರಿ ನೆನಪಿನಲ್ಲಿ ಕರಗಿ, ಒಟ್ಟು ಅನುಭವ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಅದರ ಮೇಲೆ ಆಗ ನಿಮಗೆ 20 ವರ್ಷ, ಮಂಡಿನೋವು ಇರಲಿಲ್ಲ, ಅಲ್ವಾ?

ಆದರೆ ನೆನಪು ಮರೆಸುವ ಕೆಲವು ಸಂಗತಿಗಳು ಸಣ್ಣವಲ್ಲ. 1990ರಲ್ಲಿ ಕೂಡ ಜಗತ್ತಿನಲ್ಲಿ ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 93 ಐದು ವರ್ಷ ತುಂಬುವ ಮುಂಚೆ ತೀರಿಕೊಳ್ಳುತ್ತಿದ್ದವು. 2022ಕ್ಕೆ ಅದು ಸುಮಾರು 37ಕ್ಕೆ ಇಳಿದಿತ್ತು. ನಿಮ್ಮ ಬಾಲ್ಯದಲ್ಲಿ ಇನ್ನೂ ಹೆಚ್ಚಿತ್ತು. ನಿಮ್ಮ ಓರಗೆಯವರಲ್ಲಿ ಬೇಗ ಹೋದವರು ಯಾರು ಯಾರು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಹಾಗಂತ ನಿಮ್ಮ ಅನಿಸಿಕೆ ಪೂರ್ತಿ ಸುಳ್ಳೂ ಅಲ್ಲ. ನಾಳೆ ಇವತ್ತಿಗಿಂತ ಚೆನ್ನಾಗಿರುತ್ತದೆ ಅನ್ನುವ ನಂಬಿಕೆ ಇದ್ದರೆ ಕಮ್ಮಿ ದುಡ್ಡಿನಲ್ಲೂ ಮನಸ್ಸು ಹಗುರ ಇರುತ್ತದೆ. ಹೆಚ್ಚು ದುಡ್ಡಿದ್ದೂ ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಅನ್ನುವಂತಿದ್ದರೆ ನಿದ್ದೆ ಬರುವುದಿಲ್ಲ. ಮೊಮ್ಮಕ್ಕಳು ದೂರುವಾಗ ಅವರ ಸಂಬಳ ಎಷ್ಟು ಅಂತ ಕೇಳುವ ಬದಲು, ಕೆಲಸ ಕಾಯಂ ಇದೆಯಾ ಅಂತ ಕೇಳಿ ನೋಡಿ.